ಅರ್ಥ ಗೊತ್ತಿಲ್ಲದೆ ಆಡಿದ ಮಾತು

ಕಾರ್ಕ್, ಐರ್ಲೆಂಡ್
೭ ಡಿಸೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಮ್ಮಾ,

ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಬರೆದಿಡುತ್ತಿದ್ದೇನೆ, ಯಾಕೆಂದರೆ ನೀನು ಅರ್ಧ ಓದಿ ಫೋನ್ ಮಾಡುವವಳು. ಮಾಡಬೇಡ. ಡ್ಯೂಟಿ ಮುಗಿಸಿ, ಮನೆಗೆ ಹೋಗಿ, ಕಾಲು ಚಾಚಿ ಕೂತು ಪೂರ್ತಿ ಓದು. ಡಿಪೋದಲ್ಲಿ ಯಾರ ಕೈಗೂ ಫೋನ್ ಕೊಡಬೇಡ. ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಇದನ್ನು ವಿಡಿಯೋ ಕಾಲ್‌ನಲ್ಲಿ ಹೇಳುವ ಧೈರ್ಯ ನನಗಿಲ್ಲ. ನನ್ನ ಮುಖ ನೋಡಿದರೆ ನೀನು ನನಗಿಂತ ಮೊದಲು ಅಳುತ್ತೀಯ.

ಇಲ್ಲಿ ನಾವಿರುವ ಮನೆಗೆ ಪೊಲೀಸರು ಬಂದಿದ್ದರೆಂದು ನನ್ನ ಜೊತೆಗಿರುವ ಐಶು ನಿನ್ನ ಹತ್ತಿರ ಬಾಯಿ ಬಿಟ್ಟಳಂತೆ. ಅವಳ ಮೇಲೆ ಕೋಪವಿಲ್ಲ. ಲಿಟಲ್ ಐಲ್ಯಾಂಡಿನ ಔಷಧ ಕಂಪನಿಯಲ್ಲಿ ಹನ್ನೆರಡು ಗಂಟೆಯ ಶಿಫ್ಟ್ ಮುಗಿಸಿ ಬಂದವಳು ಬಾಗಿಲಲ್ಲೇ ಪೊಲೀಸರನ್ನು ನೋಡಿದರೆ ಇನ್ನೇನು ಮಾಡಿಯಾಳು? ಬಂದವರು ನನ್ನನ್ನು ಹಿಡಿಯಲು ಬಂದದ್ದಲ್ಲ. ನಾನು ಆಡಿದ ಒಂದೇ ಒಂದು ವಾಕ್ಯದ ಬಗ್ಗೆ ಕೇಳಲು ಬಂದಿದ್ದರು.

ಮೊದಲಿಂದ ಹೇಳುತ್ತೇನೆ.

ಈ ಸೆಮಿಸ್ಟರಿನಲ್ಲಿ ಆಹಾರ ವಿಜ್ಞಾನದ ಜೊತೆಗೆ ಬೇರೆ ಸಂಸ್ಕೃತಿಯವರೊಡನೆ ಹೇಗೆ ಮಾತಾಡಬೇಕು, ಹೇಗೆ ಕೇಳಿಸಿಕೊಳ್ಳಬೇಕು ಎಂದು ಕಲಿಸುವ ಒಂದು ಪೇಪರ್ ತೆಗೆದುಕೊಂಡೆ ಎಂದಾಗ ನೀನು ನಕ್ಕಿದ್ದೆ. “ಮಾತಾಡಕ್ಕೂ ಪರೀಕ್ಷೇನಾ? ನನ್ ಬಸ್ಸಿಗೆ ಬಾ, ಚಿತ್ರದುರ್ಗದಿಂದ ಹಿರಿಯೂರು ಮುಟ್ಟೋದ್ರೊಳಗೆ ಕಲಿಸ್ತೀನಿ” ಎಂದಿದ್ದೆ. ನಾನೂ ಸುಲಭವೆಂದೇ ಸೇರಿದ್ದು. ಆದರೆ ಇಲ್ಲಿಗೆ ಬಂದ ಹೊಸದರಲ್ಲಿ ನಾನು ಪಟ್ಟ ಪಾಡನ್ನು ನಿನಗೆ ಹೇಳಿರಲಿಲ್ಲ. ಕಾರ್ಕಿನವರು ಮಾತು ಶುರುಮಾಡುವಾಗ “ಕಮ್ ಹಿಯರ್” ಎನ್ನುತ್ತಾರೆ. ಅದಕ್ಕೆ ‘ಕೇಳಿಲ್ಲಿ’ ಎಂದಷ್ಟೇ ಅರ್ಥ. ನಾನು ಪ್ರತಿ ಸಲ ಎದ್ದು ಅವರ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಹೇಗಿದ್ದೀಯ ಎಂದವರಿಗೆಲ್ಲ ನಿಂತು, ನೆಗಡಿಯಾಗಿದೆ, ನಿದ್ದೆ ಬರಲಿಲ್ಲ ಎಂದು ವಿವರ ಕೊಡುತ್ತಿದ್ದೆ. ಅವರು ಆಗಲೇ ನಾಲ್ಕು ಮಾರು ಮುಂದೆ ಹೋಗಿರುತ್ತಿದ್ದರು. ಗ್ರೂಪ್ ಕೆಲಸಕ್ಕೆ ಬರುತ್ತೀಯಾ ಎಂದಾಗ ಒಬ್ಬ “ಐ ವಿಲ್, ಯೆಸ್” ಎಂದ. ಗ್ರಂಥಾಲಯದಲ್ಲಿ ಮಧ್ಯಾಹ್ನವೆಲ್ಲ ಕಾದೆ. ಆ ರಾಗದಲ್ಲಿ ಹಾಗೆಂದರೆ ‘ಖಂಡಿತ ಬರೋಲ್ಲ’ ಅಂತಂತೆ! ಒಂದು ವಿಷಯ ಮಾತ್ರ ನಿನಗೆ ಇಷ್ಟವಾಗುತ್ತದೆ. ಇಲ್ಲಿ ಬಸ್ಸಿಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಪ್ರತಿ ಸಲ ನೀನೇ ನೆನಪಾಗುತ್ತೀಯ.

ಆ ತರಗತಿಯಲ್ಲಿ ನನಗೆ ಜೊತೆಗಾತಿಯಾದವಳು ಓರ್ಲಾ. ಕಾರ್ಕಿನಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ಬಸ್ಸಿನಲ್ಲಿ ಹೋದರೆ ಅವಳ ಊರು. ಮೇಡಂ ಕೊಟ್ಟ ಕೆಲಸ ಹೀಗಿತ್ತು: ನಿನಗೆ ಭಾಷೆಯೇ ಬಾರದ ಒಬ್ಬರ ಜೊತೆ ಕೆಲವು ಮಧ್ಯಾಹ್ನ ಕಳೆಯಬೇಕು, ನಡುವೆ ಅನುವಾದ ಮಾಡುವವರು ಇರಬಾರದು, ಆಮೇಲೆ ನಿನಗೆ ನಿಜವಾಗಿ ಅರ್ಥವಾದದ್ದೇನು, ಅರ್ಥವಾಯಿತೆಂದು ನೀನು ಅಂದುಕೊಂಡದ್ದೇನು ಎಂದು ಬೇರೆ ಬೇರೆಯಾಗಿ ಬರೆಯಬೇಕು.

“ನಮ್ಮಜ್ಜಿ ಹತ್ರ ಬಾ” ಎಂದಳು ಓರ್ಲಾ.

ಅವಳ ಅಜ್ಜಿ ಬ್ರೈಡಿಗೆ ಬೇಸಿಗೆಯಲ್ಲಿ ಪಾರ್ಶ್ವವಾಯು ಹೊಡೆದು ಇಂಗ್ಲಿಷ್ ಪೂರ್ತಿ ಮರೆತುಹೋಗಿತ್ತು. ಹುಟ್ಟಿದಾಗಿನಿಂದ ಮನೆಯಲ್ಲಿ ಆಡಿದ ಐರಿಷ್ ಮಾತ್ರ ಉಳಿದಿತ್ತು, ಅದೂ ತುಣುಕು ತುಣುಕು. ಓರ್ಲಾಳಿಗೂ ಅವಳಪ್ಪನಿಗೂ ಐರಿಷ್ ಅಂದರೆ ನಮಗೆ ಹೈಸ್ಕೂಲಿನ ಹಿಂದಿ ಇದ್ದ ಹಾಗೆ. ನೀರು, ಚಳಿ, ಊಟ ಎಂಬಷ್ಟು ತಿಳಿಯುತ್ತದೆ, ಅದರಾಚೆಗೆ ತಡವರಿಕೆ.

ಅಕ್ಟೋಬರ್ ಪೂರ್ತಿ ಶನಿವಾರ ಬಂತೆಂದರೆ ಹೋಗುತ್ತಿದ್ದೆ. ಅಜ್ಜಿಯ ಕುರ್ಚಿ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಎದುರಿಗೆ. ಕಿಟಕಿಯಾಚೆ ಹುಲ್ಲುಗಾವಲು; ಅದರ ನಡುವೆ ಮಣ್ಣಿನ ದಿಬ್ಬ ಉಂಗುರದ ಹಾಗೆ ಸುತ್ತಿಕೊಂಡ ಒಂದು ಜಾಗ, ದಿಬ್ಬದ ಮೇಲೆಲ್ಲ ಮುಳ್ಳುಮರ. ಅದನ್ನು ಓರ್ಲಾಳ ಮನೆಯವರು ‘ಫೋರ್ಟ್’ ಎನ್ನುತ್ತಿದ್ದರು. ಸಾವಿರ ವರ್ಷದ ಹಿಂದೆ ಯಾರೋ ಮನೆ ಮಾಡಿಕೊಂಡಿದ್ದ ಜಾಗವಂತೆ. ಈಗ ಅಲ್ಲಿ ಇರುವವರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ‘ಅವರು’ ಎನ್ನುತ್ತಾರೆ. ಒಳಗೆ ಕಾಲಿಡುವುದಿಲ್ಲ, ಒಂದು ರೆಂಬೆಯನ್ನೂ ಕಡಿಯುವುದಿಲ್ಲ. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮ ಹೊಲದ ಮಗ್ಗುಲಲ್ಲಿ ಹೊಲ ಕಾಯುವ ಮುನಿ ಇದೆಯೆಂದು ಬಿಟ್ಟ ಬೇಲಿಯೊಳಗೆ ನಾವು ಚೆಂಡು ಬಿದ್ದರೂ ತರಲು ಹೋಗುತ್ತಿರಲಿಲ್ಲವಲ್ಲ, ಹಾಗೆ. ವಿಚಿತ್ರವೆಂದರೆ, ಸುತ್ತಲೂ ಮೇಯುತ್ತಿದ್ದ ಹಸುಗಳೂ ಆ ದಿಬ್ಬ ಹತ್ತುತ್ತಿರಲಿಲ್ಲ. ಒಳಗಿನ ಹುಲ್ಲು ಸೊಂಟದೆತ್ತರ ನಿಂತಿತ್ತು.

ಒಂದು ದಿನ ನಾನು ಅತ್ತ ಬೆರಳು ತೋರಿಸಿ ಏನೋ ಕೇಳಿದೆ. ಅಜ್ಜಿ ಥಟ್ಟನೆ ನನ್ನ ಕೈ ಹಿಡಿದು ಬೆರಳನ್ನು ಒಳಕ್ಕೆ ಮಡಚಿಬಿಟ್ಟರು. ಅಷ್ಟು ಸೊರಗಿದ ಕೈಯಲ್ಲಿ ಅಂಥ ಶಕ್ತಿ ಎಲ್ಲಿತ್ತೋ. ಕುಂಬಳದ ಹೀಚಿಗೆ ಬೆರಳು ತೋರಿಸಿದರೆ ಕಚ್ಚಿಕೊಳ್ಳಬೇಕೆಂದು ನೀನು ಹೇಳಿದ್ದೆಯಲ್ಲ, ನಾನು ಆ ಬೆರಳನ್ನು ಕಚ್ಚಿಕೊಂಡೆ. ಅದನ್ನು ನೋಡಿ ಅಜ್ಜಿ ತಲೆಯಾಡಿಸಿದರು. ಸರಿಯಾಗಿ ಮಾಡಿದೆ ಎಂಬಂತೆ. ಆವತ್ತಿನಿಂದ ನಾನು ಕನ್ನಡದಲ್ಲೇ ಮಾತಾಡತೊಡಗಿದೆ. ನಿನ್ನ ಬಗ್ಗೆ, ಬಸ್ಸಿನ ಬಗ್ಗೆ, ಚಿತ್ರದುರ್ಗದ ಕೋಟೆಯ ಮೇಲಿನ ಗಾಳಿಯ ಬಗ್ಗೆ. ಅವರು ಅವರ ಭಾಷೆಯಲ್ಲಿ ಏನೋ ಅನ್ನುತ್ತಿದ್ದರು. ಅರ್ಥವಾಗದಿದ್ದರೂ ಇಬ್ಬರಿಗೂ ಬೇಸರವಿರಲಿಲ್ಲ. ಆದರೆ ಹೊತ್ತು ಇಳಿಯುತ್ತಿದ್ದ ಹಾಗೆ ಅಜ್ಜಿಯ ಕಣ್ಣು ಕಿಟಕಿಯನ್ನು ಬಿಟ್ಟು ಕದಲುತ್ತಿರಲಿಲ್ಲ. ಮನೆಗೆ ಬರದ ಮಕ್ಕಳಿಗಾಗಿ ತಾಯಂದಿರು ನೋಡುತ್ತಾರಲ್ಲ, ಆ ನೋಟ. ಯಾರಿಗಾಗಿ ಎಂದು ನನಗೆ ಗೊತ್ತಿರಲಿಲ್ಲ.

ನವೆಂಬರ್ ನಡುವಿನಲ್ಲಿ ಅಜ್ಜಿ ತೀರಿಕೊಂಡರು.

ಇಲ್ಲಿ ಹಳ್ಳಿಯ ಕಡೆ ಹೆಣವನ್ನು ಒಂದೆರಡು ದಿನ ಮನೆಯಲ್ಲೇ ಇಡುತ್ತಾರೆ. ಊರಿಗೆ ಊರೇ ಬಂದು, ಮನೆಯವರ ಕೈ ಕುಲುಕಿ, ಚಹಾ ಕುಡಿದು, ಸತ್ತವರ ಬಗ್ಗೆ ನಗುತ್ತಲೇ ಮಾತಾಡಿ ಹೋಗುತ್ತಾರೆ. ಹೇಳಬೇಕಾದ ಮಾತು ಒಂದೇ, ‘ನಿಮ್ಮ ಕಷ್ಟಕ್ಕೆ ನನಗೆ ದುಃಖವಿದೆ’ ಎಂಬಂಥದ್ದು. ಓರ್ಲಾ ಫೋನಿನಲ್ಲೇ ಅದನ್ನು ನನಗೆ ಬಾಯಿಪಾಠ ಮಾಡಿಸಿದಳು. “ಬೇರೇನೂ ಹೇಳಬೇಡ. ಹೊಸ ಮಾತು ಯಾರಿಗೂ ಬೇಕಿಲ್ಲ. ಅದೊಂದು ಹೇಳಿದ್ರೆ ಸಾಕು, ಗ್ರ್ಯಾಂಡ್” ಎಂದಳು. ನಾನು ಬಸ್ಸಿನುದ್ದಕ್ಕೂ ಎರಡು ವಿಷಯ ಜಪಿಸಿದೆ. ಒಂದು, ಆ ಇಂಗ್ಲಿಷ್ ಮಾತು. ಇನ್ನೊಂದು, ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಅನ್ನಬಾರದೆಂಬ ನಿನ್ನ ಮಾತು.

ಮನೆಯೊಳಗೆ ಗಡಿಯಾರ ನಿಲ್ಲಿಸಿದ್ದರು. ಕನ್ನಡಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಅಜ್ಜಿಯ ಶವಪೆಟ್ಟಿಗೆಯನ್ನು ಅವರು ಕೂರುತ್ತಿದ್ದ ಕೋಣೆಯಲ್ಲೇ, ಅದೇ ಕಿಟಕಿಯ ಪಕ್ಕ ಇಟ್ಟಿದ್ದರು. ನೀಲಿ ಸ್ವೆಟರ್, ಕೈಯಲ್ಲಿ ಜಪಮಾಲೆ. ಹೆಣವನ್ನು ಒಂಟಿಯಾಗಿ ಬಿಡಬಾರದು ಎಂಬುದು ಅವರಲ್ಲೂ ಇದೆ. ಮಧ್ಯಾಹ್ನ ಮೂರರ ಸುಮಾರಿಗೆ ಒಂದು ಹಸು ಬೇಲಿ ಹಾರಿ ರಸ್ತೆಗೆ ಬಂತೆಂದು ಗಂಡಸರೆಲ್ಲ ಓಡಿದರು, ಅದೇ ಹೊತ್ತಿಗೆ ಪಾದ್ರಿ ಬಂದರೆಂದು ಹೆಂಗಸರು ಅಡುಗೆಮನೆಗೆ ಹೋದರು. “ಒಂಚೂರು ಅಜ್ಜಿ ಜೊತೆ ಕೂತಿರ್ತೀಯಾ?” ಎಂದು ಓರ್ಲಾ ಕೇಳಿದಳು. ಕೂತಿದ್ದೆ. ಅಷ್ಟೇ.

ಹೋದವರು ಹಿಂದಿರುಗುವ ಮುಂಚೆ ಬಾಗಿಲಲ್ಲಿ ಒಬ್ಬ ಮುದುಕರು ಕಾಣಿಸಿದರು. ಎತ್ತರದ ಮನುಷ್ಯ, ಟೋಪಿ ಕೈಯಲ್ಲಿ. ಅವರು ಒಳಗೆ ಬಂದದ್ದನ್ನು ಕಂಡು ಅಡುಗೆಮನೆಯ ಮಾತೆಲ್ಲ ಒಂದೊಂದಾಗಿ ನಿಂತುಹೋಯಿತು. ಅಜ್ಜಿಯ ಅಣ್ಣ ಮೈಕಲ್ ಅವರು. ಒಂದು ಮೈಲಿ ದೂರದಲ್ಲಿ ಒಂಟಿಯಾಗಿ ಇದ್ದರೂ ಹುಡುಗರಾಗಿದ್ದಾಗಿನಿಂದ ತಂಗಿಯ ಜೊತೆ ಮಾತಿಲ್ಲ, ಆ ಮನೆಯ ಹೊಸಿಲು ತುಳಿದವರಲ್ಲ ಎಂಬುದು ನನಗೆ ಆಮೇಲೆ ಗೊತ್ತಾದದ್ದು. ಅವರು ಹೆಣದ ಮುಖ ನೋಡುತ್ತಾ ನಿಂತರು. ಮುಟ್ಟಲಿಲ್ಲ. ಆಮೇಲೆ ನನ್ನತ್ತ ತಿರುಗಿ ಕೈ ಚಾಚಿದರು.

ನಾನು ಕೈ ಹಿಡಿದು, ಬಸ್ಸಿನಲ್ಲಿ ಜಪಿಸಿದ್ದ ಮಾತನ್ನು ಹೇಳಲು ಬಾಯಿ ತೆರೆದೆ. ಆ ಮಾತು ಬರಲೇ ಇಲ್ಲ. ಅಜ್ಜಿಯಿಂದ ಕೇಳಿದ್ದ ಒಂದು ವಾಕ್ಯ ನಾಲಿಗೆಯ ಮೇಲಿತ್ತು. ಅದು ಏನೋ ಆಶೀರ್ವಾದವಿರಬೇಕು, ಅವರ ಭಾಷೆಯಲ್ಲೇ ಹೇಳಿದರೆ ಗೌರವವಾದೀತು ಎಂದುಕೊಂಡೆ. ಹೇಳಿಬಿಟ್ಟೆ.

“ಟಾ ಶೇ ಫೋಸ್ ಸ ಲಿಸ್.”

ಮುದುಕರ ಕೈ ನನ್ನ ಕೈಯಲ್ಲಿ ತಣ್ಣಗಾಯಿತು, ಅಮ್ಮಾ. ಬಿಡಲಿಲ್ಲ, ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಓರ್ಲಾ ಕೈಯಲ್ಲಿದ್ದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟಳು. ಶಾಲೆಯ ಐರಿಷ್ ಸಾಕಿತ್ತು ಆ ವಾಕ್ಯಕ್ಕೆ.

ಮೈಕಲ್ ಐರಿಷಿನಲ್ಲಿ ಏನೋ ಕೇಳಿದರು. ನನಗೆ ತಿಳಿಯಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದರು, “ನಿಂಗೆ ಇದನ್ನ ಯಾರು ಹೇಳಿದ್ದು ಮಗಳೇ?”

ಅಜ್ಜಿ ಎಂದೆ.

“ಬ್ರೈಡಿ ಹೇಳಿದ್ಲಾ? ಅವಳ ಬಾಯಿಂದಲೇ?”

ಹೌದು ಎಂದೆ. ಅವರು ಅಜ್ಜಿಯ ಕುರ್ಚಿಯಲ್ಲಿ ಕುಸಿದು ಕೂತರು. “ನಾನು ಹೇಳಿದ್ದೆ” ಎಂದರು. “ಎಲ್ರಿಗೂ ಹೇಳಿದ್ದೆ. ಅವಳ ಕೈಗೇ ಒಪ್ಪಿಸ್ದೆ ಅಂತ.” ಅಷ್ಟನ್ನೇ ಮತ್ತೆ ಮತ್ತೆ ಹೇಳಿದರು. ಓರ್ಲಾ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋದಳು. “ನೀನು ಏನು ಹೇಳ್ದೆ ಅಂತ ಗೊತ್ತಾ? ‘ಅವನು ಇನ್ನೂ ಫೋರ್ಟಲ್ಲೇ ಇದ್ದಾನೆ’ ಅಂದೆ” ಎಂದಳು.

ಅಜ್ಜಿ ಚಿಕ್ಕವರಾಗಿದ್ದಾಗ ಆ ಮನೆಯಲ್ಲಿ ಇನ್ನೊಂದು ಮಗು ಇತ್ತಂತೆ. ಡೋನಲ್, ಎಲ್ಲರಿಗಿಂತ ಚಿಕ್ಕವನು. ಎಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಮೈಕಲ್ ಅವನನ್ನು ಹೊಳೆಯ ಹತ್ತಿರ ಆಡಿಸಲು ಕರೆದುಕೊಂಡು ಹೋಗಿದ್ದರು. ಸಂಜೆ ವಾಪಸು ತಂದು ಗೇಟಿನ ಬಳಿ ತಂಗಿಯ ಕೈಗೆ ಕೊಟ್ಟು ದನ ಹೊಡೆಯಲು ಹೋದೆ ಎಂದರು. ಹತ್ತು ವರ್ಷದ ಬ್ರೈಡಿ ‘ಇಲ್ಲ, ಅವನು ಬರಲೇ ಇಲ್ಲ’ ಎಂದಳು. ಅಪ್ಪ ಅಮ್ಮ ಮಗಳನ್ನು ನಂಬಿದರು. ಹೊಳೆಯನ್ನು ಜಾಲಾಡಿದರು. ಸಮುದ್ರದವರೆಗೂ ಹುಡುಕಿದರು. ಫೋರ್ಟಿನೊಳಗೆ ಮಾತ್ರ ಯಾರೂ ಹೋಗಲಿಲ್ಲ. ಮಕ್ಕಳು ಅಲ್ಲಿಗೆ ಹೋಗಿಯಾರು ಎಂದು ಯಾರಿಗೂ ಅನ್ನಿಸಲೇ ಇಲ್ಲ. ಆವತ್ತಿನಿಂದ ಮೈಕಲ್ ಆ ಊರಿಗೆ ‘ತಮ್ಮನನ್ನು ಕಳೆದವನು’. ಮದುವೆಯಾಗಲಿಲ್ಲ. ಚರ್ಚಿನಲ್ಲಿ ಕೊನೆಯ ಬೆಂಚು ಬಿಟ್ಟು ಮುಂದೆ ಕೂರಲಿಲ್ಲ. ತಾಯಿ ಸಾಯುವಾಗಲೂ ಅವರನ್ನು ಹತ್ತಿರ ಕರೆಯಲಿಲ್ಲವಂತೆ.

ಪೊಲೀಸರು ಬಂದದ್ದು ಇದಕ್ಕೆ. ಒಬ್ಬರು ನಮ್ಮ ಊಟದ ಮೇಜಿನ ಮುಂದೆ ಕೂತು, ಅಜ್ಜಿ ಅದನ್ನು ಯಾವಾಗ ಹೇಳಿದರು, ಯಾರಿದ್ದರು ಎಂದು ಮೆತ್ತಗೆ ಕೇಳಿದರು. ಅಕ್ಟೋಬರಿನ ಒಂದು ಮಧ್ಯಾಹ್ನ, ನಾವಿಬ್ಬರೇ ಇದ್ದಾಗ ಎಂದೆ. ಬರೆದುಕೊಂಡರು, ನಾನು ಸಹಿ ಮಾಡಿದೆ. ಐಶು ಅವರಿಗೆ ಚಹಾ ಮಾಡಿಕೊಟ್ಟಳು. ಅವರು ಹೋದ ಮೇಲೆ “ಜೋ, ನಿಜ ಹೇಳು, ಇದೇನೇ ಇದು? ನಂಗೆ ಮೈಯೆಲ್ಲ ಜುಮ್ ಅಂತಿದೆ” ಎಂದಳು. ದೇವರ ಮುಂದೆ ದೀಪ ಹಚ್ಚಿ, ಆರದ ಹಾಗೆ ನೋಡಿಕೊಂಡಳು.

ಫೋರ್ಟನ್ನು ಸುಮ್ಮನೆ ಅಗೆಯಲು ಕಾನೂನು ಬಿಡುವುದಿಲ್ಲ. ಸರ್ಕಾರದ ಕಡೆಯಿಂದ ಪುರಾತತ್ವದ ಒಬ್ಬ ಹೆಂಗಸು ಬಂದರು. ಮೈಕಲ್ ತಾತ ನನ್ನನ್ನೂ ಕರೆಸಿದರು. ಆವತ್ತು ಮಂಜು ಹೊಲದ ಮೇಲೆ ಮಲಗಿತ್ತು. ಅಗೆಯುವ ಯಂತ್ರದ ಡ್ರೈವರನ್ನು, ಅದನ್ನು ಒಳಗೆ ತರುತ್ತೀಯಾ ಎಂದು ಕೇಳಿದಾಗ ಅವನು “ಐ ವಿಲ್, ಯೆಸ್” ಎಂದ. ಈ ಸಲ ನನಗೆ ಅರ್ಥವಾಯಿತು. ಅವನು ಯಂತ್ರವನ್ನು ಅಲ್ಲೇ ಬಿಟ್ಟು, ಶಿಲುಬೆ ಗುರುತು ಮಾಡಿಕೊಂಡು ರಸ್ತೆಗೆ ನಡೆದುಬಿಟ್ಟ. ಯಾರೂ ಬೈಯಲಿಲ್ಲ. ಪೊಲೀಸರು ಕೂಡ ದಿಬ್ಬದ ಬುಡದಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊದಲು ದಿಬ್ಬ ಹತ್ತಿದವರು ಮೈಕಲ್ ತಾತ. ಕೋಲೂರಿಕೊಂಡು, ಮುಳ್ಳಿನ ರೆಂಬೆಗಳನ್ನು ಮುರಿಯದೆ ಕೈಯಿಂದ ಸರಿಸಿ, ಟೋಪಿ ತೆಗೆದು ಒಳಗೆ ಹೋದರು. ಒಳಗಿದ್ದವರಿಗೆ ನಮಸ್ಕಾರ ಹೇಳಿದ ಹಾಗೆ ಏನೋ ಅಂದರು. ಅವರ ಹಿಂದೆ ಉಳಿದವರು ಹೋದರು. ನಾನು ಚಪ್ಪಲಿ ಬಿಡುವ ಹಾಗೆ ಶೂ ಬಿಚ್ಚಿ ಹೊರಗೇ ನಿಂತೆ. ಹುಲ್ಲು ಐಸಿನ ಹಾಗಿತ್ತು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಅಷ್ಟು ಜನ ಒಳಗಿದ್ದರೂ ಒಬ್ಬರ ಮಾತೂ ಹೊರಗೆ ಕೇಳುತ್ತಿರಲಿಲ್ಲ. ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಮೌನ.

ಹುಲ್ಲಿನಡಿಯಲ್ಲಿ ಹಳೆಯ ಕಾಲದವರು ಕಟ್ಟಿದ ಕಲ್ಲಿನ ಸುರಂಗವಿತ್ತಂತೆ, ದೊಡ್ಡವರು ನುಸುಳಲಾಗದಷ್ಟು ಕಿರಿದು. ಬಾಯಿಯ ಕಲ್ಲು ಜಾರಿ ಒಳಕ್ಕೆ ಬಿದ್ದಿತ್ತು. ಕಲ್ಲಿನಾಚೆ ಡೋನಲ್ ಇದ್ದ. ಉಳಿದದ್ದು ಸ್ವಲ್ಪವೇ. ಒಂದು ಪುಟ್ಟ ಬೂಟಿನ ಅಡಿ ಮಾತ್ರ ಗಟ್ಟಿಯಾಗಿತ್ತು. ಕಣ್ಣಾಮುಚ್ಚಾಲೆ ಆಡಿದ್ದರೇನೋ, ಅವನು ಅಲ್ಲಿ ಅಡಗಿದ್ದನೇನೋ, ಹುಡುಗಿ ಹೆದರಿ ಓಡಿ ಬಂದಳೇನೋ. ನಿಷೇಧದ ಜಾಗಕ್ಕೆ ತಮ್ಮನನ್ನು ಕರೆದುಕೊಂಡು ಹೋದೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಆ ಸಂಜೆ ಬರದ ಬಾಯಿ ಆಮೇಲೆ ಯಾವತ್ತೂ ಬರಲಿಲ್ಲ. ಹಾಗೆಂದು ನಾವೆಲ್ಲ ಅಂದುಕೊಂಡಿದ್ದೇವೆ. ನಿಜವಾಗಿ ಏನಾಯಿತೆಂದು ಹೇಳುವವರು ಯಾರೂ ಉಳಿದಿಲ್ಲ.

ಊರು ಈಗ ಅಜ್ಜಿಯ ಮೇಲೆ ತಿರುಗಿತು. ಮುದುಕಿ ಎಂಥ ಕಲ್ಲೆದೆಯವಳು, ಅಣ್ಣನ ಬಾಳು ಸುಟ್ಟಳು ಎಂದು ಅಂಗಡಿಯಲ್ಲಿ ಆಡಿಕೊಂಡರು. ಓರ್ಲಾ ಕಾಲೇಜಿಗೆ ಬರುವುದನ್ನೇ ಬಿಟ್ಟಳು. ನಾನು ಆ ಮಾತು ಆಡದೇ ಇದ್ದಿದ್ದರೆ ಎಂದು ನನಗೆ ಊಟ ಸೇರಲಿಲ್ಲ. ನಾನು ಸಣ್ಣಗಾಗಿದ್ದೇನೆ ಎಂದು ನೀನು ಅಂದದ್ದು ಇದಕ್ಕೇ. ಮಗುವನ್ನು ಎಲ್ಲಿ ಮಣ್ಣು ಮಾಡುವುದು ಎಂದು ಪಾದ್ರಿ ಕೇಳಿದಾಗ, ಅಪ್ಪ ಅಮ್ಮನ ಸಮಾಧಿಯಲ್ಲಿ ಎಂದು ಎಲ್ಲರೂ ಅಂದರು. ಮೈಕಲ್ ತಾತ ಮಾತ್ರ ಬೇಡ ಎಂದರು.

“ಆ ಸಾಯಂಕಾಲ ಗೇಟಲ್ಲಿ ನಾನು ಅವನನ್ನ ಬ್ರೈಡಿ ಕೈಗೆ ಕೊಟ್ಟೆ. ಇವತ್ತೂ ಅವಳ ಕೈಗೇ ಕೊಡ್ತೀನಿ.”

ಮೊನ್ನೆ ಶುಕ್ರವಾರ ಬ್ರೈಡಿಯ ಹಸಿ ಸಮಾಧಿಯನ್ನು ಮತ್ತೆ ತೆರೆದು, ಅಕ್ಕನ ಎದೆಯ ಮೇಲೆ ತಮ್ಮನನ್ನು ಇಟ್ಟರು. ಆಡಿಕೊಳ್ಳುತ್ತಿದ್ದವರೆಲ್ಲ ತಲೆ ತಗ್ಗಿಸಿ ನಿಂತಿದ್ದರು. ಓರ್ಲಾ ನನ್ನ ತೋಳು ಹಿಡಿದುಕೊಂಡಿದ್ದಳು. ಮೈಕಲ್ ತಾತ ತಂಗಿಯ ಹೆಸರು ಹಿಡಿದು ಏನೋ ಹೇಳಿದರು. ಅರ್ಥ ಕೇಳಬೇಕೆಂದು ನನಗೆ ಅನ್ನಿಸಲಿಲ್ಲ. ಓರ್ಲಾಳೂ ಹೇಳಲಿಲ್ಲ.

ಇಷ್ಟು ನಡೆದದ್ದು, ಅಮ್ಮಾ. ಓರ್ಲಾ ನಾಳೆಯಿಂದ ತರಗತಿಗೆ ಬರುತ್ತಾಳೆ. ನಾನು ಇವತ್ತು ಅನ್ನ ಸಾರು ಮಾಡಿಕೊಂಡು ಎರಡು ಸಲ ಬಡಿಸಿಕೊಂಡೆ. ನೀನು ಅಜ್ಜಿಗಾಗಿ, ಆ ಮಗುವಿಗಾಗಿ ಒಂದು ದೀಪ ಹಚ್ಚು. ಅವರ ಧರ್ಮ ಬೇರೆ ಎಂದು ಯೋಚಿಸಬೇಡ, ದೀಪಕ್ಕೆ ಅದೆಲ್ಲ ತಿಳಿಯುವುದಿಲ್ಲ.

ನಿನ್ನ ತೋಳ ಮೇಲೆ ತಲೆಯಿಟ್ಟು ಮಲಗಬೇಕೆನ್ನಿಸುತ್ತಿರುವ

ನಿನ್ನ ಮಗಳು
ಜ್ಯೋತ್ಸ್ನಾ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಪೊಲೀಸರಿಗೆ ಹೇಳಿದ್ದು ಸುಳ್ಳು. ಮೇಲೆ ನಿನಗೆ ಬರೆದದ್ದೂ ಪೂರ್ತಿ ನಿಜವಲ್ಲ. ಅಕ್ಟೋಬರಿನಲ್ಲಿ ಅಜ್ಜಿ ಏನೇನೋ ಹೇಳಿದ್ದರು, ಆದರೆ ಆ ವಾಕ್ಯವನ್ನು ಒಂದು ಸಲವೂ ಹೇಳಿರಲಿಲ್ಲ. ನಾನು ಅದನ್ನು ಕೇಳಿದ್ದು ಹೆಣದ ಜೊತೆ ಒಬ್ಬಳೇ ಕೂತಿದ್ದಾಗ. ಅಜ್ಜಿಯ ತುಟಿ ಅಲುಗಲಿಲ್ಲ, ನಾನು ನೋಡುತ್ತಲೇ ಇದ್ದೆ. ಯಾರೂ ನಂಬುವುದಿಲ್ಲವೆಂದು ಯಾರಿಗೂ ಹೇಳಲಿಲ್ಲ. ಶುಕ್ರವಾರ ಸ್ಮಶಾನದ ಬಾಗಿಲಲ್ಲಿ ಮೈಕಲ್ ತಾತನೊಬ್ಬರಿಗೆ, ಅಜ್ಜಿ ಅದನ್ನು ಹೇಳಿದ್ದು ಬದುಕಿದ್ದಾಗ ಅಲ್ಲ ಎಂದಷ್ಟೇ ಹೇಳಿದೆ. ದನಿ ಹೇಗಿತ್ತೆಂದು ನಾನಿನ್ನೂ ಹೇಳಿಯೇ ಇರಲಿಲ್ಲ. ಅವರೇ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು: “ಚಿಕ್ಕ ಹುಡುಗಿ ದನಿ, ಅಲ್ವಾ? ಹೆದರಿಕೊಂಡಿರೋ ದನಿ? ಬಾಗಿಲಿಗೆ ಬಂದಾಗ ನಂಗೂ ಕೇಳಿಸ್ತು ಮಗಳೇ. ನೀನು ಬಾಯಿ ಬಿಡೋವರೆಗೂ ನಾನು ನಂಬಿರಲಿಲ್ಲ.”